ಕಡಲಿನ ಮೇಲೆ ಹೊರಿಸಿದ ಅಪವಾದ

ಮೀನುಗಾರರ ಬಾಳನ್ನು ಕುರಿತ ಕಲಾಚಿತ್ರವೊಂದು ತೆರೆಯ ಮೇಲೆ ಬಂದಿತೆಂದರೆ, ಅದನ್ನು ಹೊಗಳುವವರ ಲೇಖನಿಯಿಂದ ಒಂದು ಮಾತು ತಪ್ಪದೆ ಹೊರಡುವುದು: ‘ಮಾನವನಿಗೂ ಪ್ರಕೃತಿಗೂ ನಡೆಯುವ ಸನಾತನ ಸಂಗ್ರಾಮ.’ ಅಲೆ ಎದ್ದರೆ ಸಂಗ್ರಾಮ. ದೋಣಿ ಹೊಯ್ದಾಡಿದರೆ ಸಂಗ್ರಾಮ. ಮುದುಕಿಯೊಬ್ಬಳು ದಡದಲ್ಲಿ ನಿಂತು ಹುಬ್ಬಿಗೆ ಕೈ ಹಿಡಿದು ದೂರಕ್ಕೆ ನೋಡಿದರೂ ಸಂಗ್ರಾಮವೇ. ಈ ಮಾತನ್ನು ಓದಿಯೋದಿ, ಓದುಬರಹವುಳ್ಳ ಮನೆಗಳಲ್ಲಿಯೂ ಅದು ಸಿದ್ಧಾಂತದಂತೆ ನೆಲೆಯೂರಿಬಿಟ್ಟಿದೆ. ಮೀನುಗಾರನ ಶತ್ರು ಯಾರೆಂದು ಕೇಳಿದರೆ, ಕಡಲನ್ನು ಒಮ್ಮೆಯೂ ಕಾಣದ ಹುಡುಗನು ಕಡಲೆಂದೇ ಉತ್ತರ ಕೊಟ್ಟಾನು. ಆ ಪ್ರಶ್ನೆಯನ್ನು ಮೀನುಗಾರನಿಗೇ ಹಾಕಿ ನೋಡಿದವರು ಎಷ್ಟು ಮಂದಿ?

ಈ ಸಿದ್ಧಾಂತಕ್ಕೆ ಪ್ರಮಾಣಗ್ರಂಥದಂತೆ ಎಲ್ಲರೂ ಎತ್ತಿ ತೋರಿಸುವ ಚಿತ್ರ ‘ಮ್ಯಾನ್ ಆಫ್ ಅರಾನ್.’ ಐರ್ಲೆಂಡಿನ ಪಶ್ಚಿಮ ತೀರದಲ್ಲಿ, ಗಾಲ್ವೇ ಕೊಲ್ಲಿಯ ಬಾಯಿಗೆ ಅಡ್ಡವಾಗಿ ಮೂರು ಕಲ್ಲುದ್ವೀಪಗಳಿವೆ. ಅವೇ ಅರಾನ್ ದ್ವೀಪಗಳು. ಅವುಗಳಲ್ಲಿ ದೊಡ್ಡದಾದ ಇನಿಷ್‌ಮೋರಿನಲ್ಲಿ ಅಮೆರಿಕೆಯ ರಾಬರ್ಟ್ ಫ್ಲಾಹರ್ಟಿಯೆಂಬ ನಿರ್ದೇಶಕನು 1932ರಿಂದ ಸುಮಾರು ಎರಡು ವರ್ಷ ಬೀಡುಬಿಟ್ಟು ಈ ಚಿತ್ರವನ್ನು ತೆಗೆದನು. ಉತ್ತರಧ್ರುವದ ಕಡೆಯ ಹಿಮವಾಸಿಗಳನ್ನು ಕುರಿತ ‘ನಾನೂಕ್’ ಎಂಬ ಚಿತ್ರದಿಂದ 1922ರಲ್ಲಿಯೇ ಅವನಿಗೆ ಲೋಕಪ್ರಸಿದ್ಧಿ ಬಂದಿದ್ದಿತು. ಅರಾನ್ ಚಿತ್ರವು 1934ರಲ್ಲಿ ಹೊರಬಂದು, ವೆನಿಸ್ ನಗರದ ಉತ್ಸವದಲ್ಲಿ ಶ್ರೇಷ್ಠ ವಿದೇಶೀ ಚಿತ್ರಕ್ಕೆಂದು ಮುಸೊಲಿನಿಯ ಹೆಸರಿನಲ್ಲಿ ಇಟ್ಟಿದ್ದ ಪಾರಿತೋಷಕವನ್ನು ಪಡೆಯಿತು. ಆ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಇನ್ನೊಂದು ಕಡೆ ಬರಲಿದೆ.

ಚಿತ್ರದಲ್ಲಿ ಸೊಗಸಿಲ್ಲವೆಂದು ಯಾರೂ ಹೇಳಲಾರರು. ಹೇಳಿದರೆ ಅದು ಮತ್ಸರವಾದೀತು. ಬೆಟ್ಟದೆತ್ತರದ ಅಲೆಗಳು ಕಪ್ಪುಬಂಡೆಗೆ ಅಪ್ಪಳಿಸಿ ನೊರೆಯಾಗಿ ಮೇಲೇಳುವುದನ್ನು ಅಷ್ಟು ಗಾಂಭೀರ್ಯದಿಂದ ತೋರಿಸಿದ ಚಿತ್ರ ಅದಕ್ಕೆ ಮೊದಲು ಇರಲಿಲ್ಲ. ಮರದ ಪಟ್ಟಿಯ ಹಂದರಕ್ಕೆ ಡಾಂಬರು ಬಳಿದ ಕ್ಯಾನ್ವಾಸು ಹೊದಿಸಿ ಮಾಡಿದ ‘ಕರಾಕ್’ ಎಂಬ ಹಗುರವಾದ ದೋಣಿಯು ಅಲೆಯ ನೆತ್ತಿಯ ಮೇಲೆ ಒಣಗಿದ ಎಲೆಯಂತೆ ತೂಗಾಡುತ್ತದೆ. ಮಣ್ಣೇ ಇಲ್ಲದ ಬಂಡೆಯ ಮೇಲೆ ಗಂಡನು ಕಲ್ಲೊಡೆದು ಹಾಸುತ್ತಾನೆ. ಹೆಂಡತಿ ಕಡಲಿನ ಪಾಚಿಯನ್ನು ಬೆನ್ನಿನ ಮೇಲೆ ಹೊತ್ತು ತಂದು ಹರಡುತ್ತಾಳೆ. ಬಿರುಕುಗಳೊಳಗೆ ಕೈಹಾಕಿ ಹಿಡಿಹಿಡಿಯಾಗಿ ಮಣ್ಣು ಬಗೆದು ತೆಗೆದು ಆಲೂಗಡ್ಡೆಗೆ ಪಾತಿ ಮಾಡುತ್ತಾರೆ. ಇವನ್ನು ನೋಡುವಾಗ ಕಣ್ಣು ತುಂಬಿಬರುವುದು ಸಹಜ. ಆ ಕಣ್ಣೀರನ್ನು ಯಾವ ಬೆಲೆಗೆ ಕೊಂಡುಕೊಂಡರೆಂಬುದೇ ಇಲ್ಲಿಯ ವಿಚಾರ.

ಚಿತ್ರದಲ್ಲಿ ತಂದೆ, ತಾಯಿ, ಮಗನೆಂದು ಕಾಣುವ ಮೂವರೂ ಒಂದೇ ಮನೆಯವರಲ್ಲ. ದ್ವೀಪದ ಬೇರೆಬೇರೆ ಮನೆಗಳಿಂದ ಮುಖಲಕ್ಷಣ ನೋಡಿ ಆರಿಸಿ ತಂದು ಕೂಡಿಸಿದ ಸಂಸಾರವದು. ಇದು ಅಂಥ ದೊಡ್ಡ ದೋಷವಲ್ಲ; ನಾಟಕದ ರಾಮಸೀತೆಯರೇನು ದಂಪತಿಗಳೆ? ಆದರೆ ಚಿತ್ರದ ನಡುವಣ ಮಹಾಪ್ರಸಂಗವಾದ ಮತ್ಸ್ಯದ ಬೇಟೆಯನ್ನು ಹಾಗೆ ಬಿಟ್ಟುಬಿಡುವಂತಿಲ್ಲ. ಬಾಸ್ಕಿಂಗ್ ಶಾರ್ಕೆಂಬ ಭಾರಿಯ ಮೀನನ್ನು ದ್ವೀಪದವರು ಹಗ್ಗ ಕಟ್ಟಿದ ಈಟಿಯೆಸೆದು ಹಿಡಿದು, ಅದರ ಯಕೃತ್ತಿನ ಎಣ್ಣೆಯಿಂದ ಮನೆಯ ದೀಪ ಹಚ್ಚುವರೆಂದು ಚಿತ್ರವು ಹೇಳುತ್ತದೆ. ನಿಜವೇನೆಂದರೆ, ಆ ಬೇಟೆ ಅಲ್ಲಿ ಅರ್ಧ ಶತಮಾನಕ್ಕೂ ಹಿಂದೆಯೇ ನಿಂತುಹೋಗಿದ್ದಿತು. ಸೀಮೆಎಣ್ಣೆ ಬಂದಮೇಲೆ ಮೀನಿನೆಣ್ಣೆಯ ದೀಪವನ್ನು ಯಾರು ಹಚ್ಚುವರು? ಈಟಿ ಹಿಡಿಯಬಲ್ಲ ಕೈಗಳು ದ್ವೀಪದಲ್ಲಿ ಉಳಿದಿರಲಿಲ್ಲವಾಗಿ, ಅಜ್ಜಂದಿರು ಬಿಟ್ಟ ವಿದ್ಯೆಯನ್ನು ಮೊಮ್ಮಕ್ಕಳಿಗೆ ಹೊಸದಾಗಿ ಕಲಿಸಿ ಕ್ಯಾಮರಾದ ಮುಂದೆ ನಿಲ್ಲಿಸಬೇಕಾಯಿತು. ಬಿರುಗಾಳಿಯಲ್ಲಿ ಆ ಜನರನ್ನು ಕಡಲಿಗಿಳಿಸಿದ್ದು ಎಂಥ ಸಾಹಸವಾಗಿತ್ತೆಂಬುದನ್ನು ಫ್ಲಾಹರ್ಟಿಯೇ ತರುವಾಯ ಪಶ್ಚಾತ್ತಾಪದ ಧ್ವನಿಯಲ್ಲಿ ಒಪ್ಪಿಕೊಂಡಿದ್ದಾನೆ. ಅಂದಮೇಲೆ, ಆ ದಿನ ಅವರನ್ನು ಮೃತ್ಯುವಿನ ಬಾಯಿಗೆ ನೂಕಿದ್ದು ಪ್ರಕೃತಿಯೋ, ಚಿತ್ರವೋ?

ಬೇಟೆಯಾದ ಆ ಮೀನಿನ ಪರವಾಗಿಯೂ ಒಂದು ಮಾತು ಹೇಳಬೇಕು. ಗಾತ್ರದಲ್ಲಿ ಅದನ್ನು ಮೀರಿಸುವ ಮೀನು ಲೋಕದಲ್ಲಿ ಒಂದೇ ಒಂದು; ಆದರೆ ಸ್ವಭಾವದಲ್ಲಿ ಸಾಧುವಾದ ಹಸುವಿಗೆ ಸಮಾನ. ಬಾಯಿ ತೆರೆದುಕೊಂಡು ಮೆಲ್ಲಗೆ ಈಜುತ್ತ, ನೀರಿನಲ್ಲಿ ತೇಲುವ ಕಣದಂಥ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಪ್ರಾಣಿಯದು. ಅದನ್ನು ಘೋರರಾಕ್ಷಸನಂತೆ ತೋರಿಸಿ, ಕೊಂದವರನ್ನು ವೀರರನ್ನಾಗಿ ಮಾಡಿದ್ದಾಯಿತು. ತಮಾಷೆಯೆಂದರೆ, ಚಿತ್ರದಲ್ಲಿ ನಟನೆಯಾಗಿದ್ದುದು ಅದೇ ತೀರದ ಅಕಿಲ್ ಎಂಬ ಮತ್ತೊಂದು ದ್ವೀಪದಲ್ಲಿ 1947ರಿಂದ ವ್ಯಾಪಾರವಾಯಿತು. 1975ರಲ್ಲಿ ಆ ವ್ಯಾಪಾರ ನಿಲ್ಲುವಷ್ಟರಲ್ಲಿ 12 ಸಾವಿರಕ್ಕೂ ಹೆಚ್ಚು ಮೀನುಗಳು ಹತವಾಗಿದ್ದವು. ವರ್ಷವರ್ಷಕ್ಕೆ ಸಿಕ್ಕುವ ಸಂಖ್ಯೆ ಇಳಿದಿಳಿದು ಕೊನೆಗೆ ಬಲೆ ಬರಿದಾಗತೊಡಗಿತು. ಐರ್ಲೆಂಡಿನ ಸರಕಾರವು ಆ ಜೀವಿಗೆ ಕಾನೂನಿನ ರಕ್ಷಣೆ ಕೊಟ್ಟದ್ದು 2022ರಲ್ಲಿ. ಮಾನವನು ಪ್ರಕೃತಿಯೆದುರು ದುರ್ಬಲನಾಗಿ ಹೋರಾಡುತ್ತಾನೆಂಬ ಕಥೆಗೆ ಅಕಿಲ್‌ನ ಲೆಕ್ಕದ ಪುಸ್ತಕ ಬೇರೆಯದೇ ಸಾಕ್ಷಿ ಹೇಳುತ್ತದೆ.

ಆದರೂ ಬೇಟೆಯ ಸುಳ್ಳು ಚಿಕ್ಕದು. ಚಿತ್ರದ ದೊಡ್ಡ ಸುಳ್ಳು, ಅದು ಹೇಳಿದುದರಲ್ಲಿಲ್ಲ, ಹೇಳದೆ ಬಿಟ್ಟುದರಲ್ಲಿದೆ.

ಕಲ್ಲಿನ ಮೇಲೆ ಹೊಲ ಮಾಡುವ ಆ ದಂಪತಿಗಳನ್ನು ನೋಡಿ ಮರುಗುವವನಿಗೆ ಒಂದು ಪ್ರಶ್ನೆ ಏಳಬೇಕು: ಆ ಕಲ್ಲು ಯಾರದು? ಹತ್ತೊಂಬತ್ತನೆಯ ಶತಮಾನದಲ್ಲಿ ಅರಾನ್ ದ್ವೀಪಗಳು, ಅಲ್ಲಿಗೆ ಕಾಲಿಡದ ಜಮೀನುದಾರರ ಸೊತ್ತಾಗಿದ್ದವು. ನಾಟಕಕಾರ ಸಿಂಜ್ ಆ ದ್ವೀಪಗಳಲ್ಲಿ ಕೆಲವು ಋತುಗಳನ್ನು ಕಳೆದು 1907ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಪೋಲೀಸರು ದೋಣಿಯಿಂದಿಳಿದು ಬಂದು ಗೇಣಿ ತೆರಲಾರದ ಮನೆಯವರನ್ನು ಬೀದಿಗೆ ಹಾಕಿದ ಸಂಗತಿಯನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಜಪ್ತಿಗೆಂದು ಹಿಡಿಯಹೋದ ಹಂದಿಗಳು ನುಗ್ಗಿ ಪೋಲೀಸರನ್ನೇ ಕೆಡವಿದುವೆಂಬುದನ್ನೂ ಬಿಟ್ಟಿಲ್ಲ. ಇದೆಲ್ಲ ಹಳೆಯ ಮಾತಾಯಿತೆಂದು ಫ್ಲಾಹರ್ಟಿಯ ಪಕ್ಷಪಾತಿಗಳು ಹೇಳಬಹುದು. ಹಾಗಾದರೆ ಹೊಸ ಮಾತನ್ನೇ ನೋಡೋಣವೆಂದರೆ, ಅವನು ಇನಿಷ್‌ಮೋರಿನಲ್ಲಿ ಬೀಡುಬಿಟ್ಟ 1932ನೆಯ ವರ್ಷದಲ್ಲಿಯೇ ಐರ್ಲೆಂಡಿನ ಡಿ ವೆಲೆರಾ ಸರಕಾರವು, ಜಮೀನುದಾರರಿಂದ ಭೂಮಿ ಬಿಡಿಸಿಕೊಂಡ ಸಾಲಕ್ಕಾಗಿ ರೈತರು ತೆರುತ್ತಿದ್ದ ವಾರ್ಷಿಕ ಕಂತುಗಳನ್ನು ಇಂಗ್ಲೆಂಡಿಗೆ ಕಳಿಸುವುದಿಲ್ಲವೆಂದು ಹಟಹಿಡಿಯಿತು. ಇಂಗ್ಲೆಂಡು ಐರಿಷ್ ದನಕರುಗಳ ಮೇಲೆ ಸುಂಕ ಹೇರಿತು. ಆರು ವರ್ಷ ನಡೆದ ಆ ಆರ್ಥಿಕಯುದ್ಧದ ನಡುವೆ ಚಿತ್ರೀಕರಣವಾದ ಈ ಕೃತಿಯಲ್ಲಿ ಗೇಣಿಯಿಲ್ಲ, ಸಾಲವಿಲ್ಲ, ಸುಂಕವಿಲ್ಲ, ಅಂಗಡಿಯಿಲ್ಲ, ಪಾದ್ರಿಯೂ ಇಲ್ಲ. ಅದೇ ಇನಿಷ್‌ಮೋರಿನಲ್ಲಿ ಹುಟ್ಟಿದ ಕಾದಂಬರಿಕಾರ ಲಿಯಮ್ ಓಫ್ಲಾಹರ್ಟಿಯು 1932ರಲ್ಲಿಯೇ ‘ಸ್ಕೆರೆಟ್’ ಎಂಬ ಕಾದಂಬರಿಯನ್ನು ಬರೆದು, ದ್ವೀಪದ ಶಾಲಾಮಾಸ್ತರನಿಗೂ ಪಾದ್ರಿಗೂ ನಡೆದ ಬದ್ಧವೈರವನ್ನು ಚಿತ್ರಿಸಿದ್ದನು. ದ್ವೀಪದ ಮಗನ ಕಣ್ಣಿಗೆ ಬಿದ್ದುದು ಮನುಷ್ಯರ ಜಗಳ. ಹೊರಗಿನಿಂದ ಬಂದ ಅತಿಥಿಯ ಕಣ್ಣಿಗೆ ಬಿದ್ದುದು ಬರಿಯ ಅಲೆ.

ಮಾತಿನ ವಿಷಯವಂತೂ ಇನ್ನೂ ಶೋಚನೀಯ. ಆ ಜನರ ತಾಯ್ನುಡಿ ಐರಿಷ್. ಚಿತ್ರವು ವಾಕ್ಚಿತ್ರಗಳ ಕಾಲದ್ದು. ಆದರೂ ತೆಗೆಯುವಾಗ ಧ್ವನಿ ಹಿಡಿಯಲಿಲ್ಲ. ತರುವಾಯ ಅವರನ್ನು ಲಂಡನ್ನಿಗೆ ಕರೆದೊಯ್ದು ಚೂರುಚೂರಾಗಿ ಕೆಲವು ಇಂಗ್ಲಿಷ್ ಮಾತುಗಳನ್ನು ನುಡಿಸಿ, ಅಲೆಯ ಭೋರ್ಗರೆತದ ನಡುವೆ ತುರುಕಿದರು. ಮಾತು ಬಲ್ಲವರನ್ನು ಮೂಕರನ್ನಾಗಿ ಮಾಡಿದ ಮೇಲೆ, ನಿನಗೇನು ಕಷ್ಟವೆಂದು ಅವರನ್ನು ಕೇಳುವ ಗೊಡವೆಯೇ ಇರುವುದಿಲ್ಲ. ಕಡಲೊಂದೇ ಮಾತನಾಡುತ್ತದೆ, ಆದುದರಿಂದ ತಪ್ಪೆಲ್ಲ ಕಡಲಿನದೇ ಆಗುತ್ತದೆ.

ಇದಕ್ಕೆ ಪ್ರತಿಯಾಗಿ ಎರಡು ಸಮಾಧಾನಗಳನ್ನು ಹೇಳುವುದುಂಟು. ಮೊದಲನೆಯದು, ದ್ವೀಪದವರಿಗೇ ಆ ಚಿತ್ರದ ಬಗೆಗೆ ಅಭಿಮಾನವಿದೆಯಲ್ಲವೆ, ಹೊರಗಿನವರಿಗೇಕೆ ತಕರಾರು ಎಂಬುದು. ಅಭಿಮಾನವಿರುವುದು ನಿಜ. ಪ್ರವಾಸಿಗಳಿಗಾಗಿ ಆ ಚಿತ್ರವನ್ನು ದ್ವೀಪದಲ್ಲಿಯೇ ಬಹುಕಾಲ ಪ್ರದರ್ಶಿಸುತ್ತ ಬಂದರು. ಅದರಿಂದ ಹಲವು ಮನೆಗಳಲ್ಲಿ ಒಲೆ ಉರಿದಿದೆ. ತನ್ನನ್ನು ಶೂರನೆಂದು ಕರೆದ ಚಿತ್ರವನ್ನು ಬೇಡವೆನ್ನುವವನು ಯಾರು? ಆದರೆ 1978ರಲ್ಲಿ ಜಾರ್ಜ್ ಸ್ಟೋನಿಯೆಂಬ ಚಿತ್ರಕಾರನು ಆ ದ್ವೀಪಕ್ಕೆ ಹೋಗಿ ಅಲ್ಲಿಯವರನ್ನು ಮಾತನಾಡಿಸಿ, ಆ ಪುರಾಣ ಹುಟ್ಟಿದ ಬಗೆಯನ್ನೇ ಇನ್ನೊಂದು ಚಿತ್ರವಾಗಿ ತೆಗೆದಿದ್ದಾನೆ. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಅಭಿಮಾನ ಬೇರೆ, ಪ್ರಮಾಣ ಬೇರೆಯೆಂಬುದು ತಿಳಿಯದೆ ಇರದು.

ಎರಡನೆಯ ಸಮಾಧಾನ ಹೆಚ್ಚು ಪಾಂಡಿತ್ಯದ್ದು. ಕಲೆಯು ವರ್ತಮಾನಪತ್ರಿಕೆಯಲ್ಲ, ಕವಿಗೆ ಕಲ್ಪನೆಯ ಸ್ವಾತಂತ್ರ್ಯವುಂಟು, ಗೇಣಿಚೀಟಿಯನ್ನು ಕಾವ್ಯದಲ್ಲಿ ಹುಡುಕುವವನು ಅರಸಿಕನು, ಎಂದು ಹೇಳುವರು. ಈ ವಾದಕ್ಕೆ ಉತ್ತರವನ್ನು ಭರತಮುನಿಯೇ ಕೊಟ್ಟಿಟ್ಟಿದ್ದಾನೆ. ಲೋಕದಲ್ಲಿ ನಡೆಯುವಂತೆಯೇ ತೋರಿಸುವುದು ಲೋಕಧರ್ಮಿ. ರಂಗದ ಸಂಕೇತಗಳಿಂದ ಹೆಚ್ಚಿಸಿ ಸಿಂಗರಿಸಿ ತೋರಿಸುವುದು ನಾಟ್ಯಧರ್ಮಿ. ಎರಡೂ ಸಾಧುವೇ, ನಾಟ್ಯಧರ್ಮಿಯಿಲ್ಲದೆ ನಾಟ್ಯವೇ ಇಲ್ಲ. ಆದರೆ ನಟನು ರಥವೇರಿದಂತೆ ಅಭಿನಯಿಸುವಾಗ ರಂಗದ ಮೇಲೆ ರಥವಿಲ್ಲವೆಂಬುದು ಸಭಿಕರಿಗೆಲ್ಲ ತಿಳಿದೇ ಇರುತ್ತದೆ, ಯಾರೂ ಮೋಸಹೋಗುವುದಿಲ್ಲ. ಫ್ಲಾಹರ್ಟಿಯ ಚಿತ್ರ ಮಾಡಿದ್ದೇನು? ಒಳಗೆಲ್ಲ ನಾಟ್ಯಧರ್ಮಿಯನ್ನು ತುಂಬಿ, ಹೊರಗೆ ಲೋಕಧರ್ಮಿಯ ಮುದ್ರೆ ಒತ್ತಿ ಲೋಕಕ್ಕೆ ಒಪ್ಪಿಸಿತು. ಇದು ಇಂದಿಗೂ ಹೀಗೆಯೇ ನಡೆಯುತ್ತಿರುವ ಬಾಳು ಎಂದು ಅದು ಮೊದಲಿಗೇ ಬರಹದಲ್ಲಿ ಸಾರಿಕೊಳ್ಳುತ್ತದೆ. ಬೆರಕೆಯ ತುಪ್ಪವನ್ನು ಬೆರಕೆಯೆಂದೇ ಹೇಳಿ ಮಾರುವವನ ಮೇಲೆ ಯಾರ ದೂರೂ ಇಲ್ಲ.

ಇನ್ನು ಕಾವ್ಯದಲ್ಲಿ ಗೇಣಿಚೀಟಿಯೇಕೆ ಎಂಬ ಮಾತು. ಕಾಳಿದಾಸನಿಗಿಂತ ರಸಿಕನು ಬೇಕೆ? ಪ್ರಕೃತಿಯನ್ನು ಪ್ರೀತಿಸಿದವರಲ್ಲಿ ಅವನಿಗೆ ಮಿಗಿಲಾದವರಿಲ್ಲ. ಬಳ್ಳಿ ಜಿಂಕೆಗಳನ್ನೇ ಶಕುಂತಲೆಯ ಒಡಹುಟ್ಟುಗಳನ್ನಾಗಿ ಮಾಡಿದವನು. ಅಂಥವನು ತನ್ನ ನಾಟಕದಲ್ಲಿ ಒಬ್ಬ ಮೀನುಗಾರನನ್ನು ತರುತ್ತಾನೆ, ಆರನೆಯ ಅಂಕದ ಮೊದಲಲ್ಲಿ. ಅವನನ್ನು ನದಿಯ ನಡುವೆ ಬಲೆಬೀಸುತ್ತಿರುವಂತೆ ತೋರಿಸಬಹುದಾಗಿತ್ತು. ವರ್ಣನೆಗೆ ಎಂಥ ಅವಕಾಶ! ಕಾಳಿದಾಸನು ಹಾಗೆ ಮಾಡಲಿಲ್ಲ. ಹಿಂಗೈ ಕಟ್ಟಿ ಕಾವಲಿನವರು ಹೊಡೆಯುತ್ತ ಎಳೆದುಕೊಂಡು ಬರುವ ಸ್ಥಿತಿಯಲ್ಲಿ ಅವನನ್ನು ರಂಗಕ್ಕೆ ತಂದನು. ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕಿತೆಂದು ಅವನು ನಿಜವನ್ನೇ ಹೇಳಿದರೂ ಕಳ್ಳನೆಂದೇ ಹಿಡಿದಿದ್ದಾರೆ. ನಗರದ ಅಧಿಕಾರಿಯಾದ ರಾಜನ ಮೈದುನನು, ಎಷ್ಟು ಶುದ್ಧವಾದ ಕಸುಬಪ್ಪಾ ನಿನ್ನದು, ಎಂಬರ್ಥದಲ್ಲಿ ಹಂಗಿಸುತ್ತಾನೆ. ಹುಟ್ಟಿನಿಂದ ಬಂದ ವೃತ್ತಿಯನ್ನು ಬಿಡಲಾಗದು, ಯಜ್ಞದಲ್ಲಿ ಪಶುವನ್ನು ಕೊಲ್ಲುವ ಶ್ರೋತ್ರಿಯನೂ ದಯಾಳುವೇ ಅಲ್ಲವೆ, ಎಂದು ಆ ಬಡವನು ಕೊಡುವ ಉತ್ತರದ ಮೊನೆಯನ್ನು ಸಂಸ್ಕೃತ ಪಾಠಶಾಲೆಗಳಲ್ಲಿ ಬೇಗಬೇಗನೆ ದಾಟಿಸಿಬಿಡುವ ವಾಡಿಕೆಯುಂಟು. ಕೊನೆಗೆ ರಾಜನು ಉಂಗುರದ ಬೆಲೆಯಷ್ಟು ಹಣವನ್ನು ಬಹುಮಾನವಾಗಿ ಕೊಟ್ಟಾಗ, ಕಾವಲಿನವನ ಹೊಟ್ಟೆಕಿಚ್ಚಿನ ನೋಟವನ್ನು ಕಂಡು ಮೀನುಗಾರನು ಅರ್ಧ ಹಣವನ್ನು ಅವರ ಕೈಗಿಡುತ್ತಾನೆ. ಆ ಕ್ಷಣವೇ ಅವನು ಎಲ್ಲರಿಗೂ ಆಪ್ತಮಿತ್ರ. ಎಲ್ಲರೂ ಕೂಡಿ ಹೆಂಡದಂಗಡಿಗೆ ಹೊರಡುತ್ತಾರೆ. ನೀರಿನಿಂದ ಅವನಿಗೆ ಬಂದುದು ಲಾಭ. ನೆಲದ ಮೇಲೆ ಅವನಿಗೆ ಬಿದ್ದುದು ಏಟು. ರಾಜಾಸ್ಥಾನದ ಕವಿಯೊಬ್ಬನು ಆ ಕಾಲದಲ್ಲಿಯೇ ಕಂಡ ಸತ್ಯವನ್ನು ಕ್ಯಾಮರಾ ಹಿಡಿದು ಎರಡು ವರ್ಷ ಕುಳಿತವನು ಕಾಣಲಿಲ್ಲವೆಂದರೆ, ಕಾಣಬಾರದೆಂದೇ ಕುಳಿತಿದ್ದನೆನ್ನಬೇಕು. ಆ ಮೀನುಗಾರನಿಗೆ ಕಾಳಿದಾಸನು ಅವನ ಪ್ರಾಕೃತದಲ್ಲಿಯೇ ಮಾತು ಕೊಟ್ಟನೆಂಬುದನ್ನೂ ಇಲ್ಲಿ ಗಮನಿಸಬೇಕು.

ಚಲಚ್ಚಿತ್ರದಲ್ಲಿ ಇದು ಸಾಧ್ಯವಿಲ್ಲವೆಂದೇನೂ ಅಲ್ಲ. ಇಟಲಿಯ ಲುಕೀನೋ ವಿಸ್ಕೋಂತಿಯು 1948ರಲ್ಲಿ ‘ಲಾ ತೆರ್ರಾ ತ್ರೇಮಾ,’ ಎಂದರೆ ‘ನೆಲ ನಡುಗುತ್ತಿದೆ’ ಎಂಬ ಚಿತ್ರವನ್ನು ಹೊರತಂದನು. ಸಿಸಿಲಿ ದ್ವೀಪದ ಕತಾನಿಯಾ ನಗರದ ಬಳಿ ಆಚಿ ತ್ರೆಜ್ಜಾ ಎಂಬ ಮೀನುಗಾರರ ಹಳ್ಳಿಯಿದೆ. ವೆರ್ಗಾ ಎಂಬ ಕಾದಂಬರಿಕಾರನು 1881ರಲ್ಲಿಯೇ ಆ ಹಳ್ಳಿಯನ್ನು ಕುರಿತು ಬರೆದಿದ್ದ ಕಥೆಯೇ ಇದಕ್ಕೆ ಮೂಲ. ನಟರೆಂಬವರು ಒಬ್ಬರೂ ಇಲ್ಲ, ಹಳ್ಳಿಯವರೇ ಪಾತ್ರಧಾರಿಗಳು. ಇಂಥ ಸಂದರ್ಭದಲ್ಲಿ ನೀವು ಹೇಗೆ ಮಾತನಾಡುವಿರೆಂದು ಅವರನ್ನೇ ಕೇಳಿ, ಅವರ ಸಿಸಿಲಿಯ ಆಡುನುಡಿಯಲ್ಲಿಯೇ ಸಂಭಾಷಣೆಯನ್ನು ಹೆಣೆದರು. ಉಳಿದ ಇಟಲಿಯವರಿಗೆ ಅರ್ಥವಾಗದ ಆ ನುಡಿಗೆ ಹಿನ್ನೆಲೆಯಲ್ಲಿ ಇಟಾಲಿಯನ್ ವಿವರಣೆಯನ್ನು ಕೂಡಿಸಬೇಕಾಯಿತು. ಅರ್ಥವಾಗದಿದ್ದರೂ ಆದೀತು, ಅವರ ಮಾತು ಅವರದೇ ಆಗಿರಲಿ ಎಂಬ ಆ ಹಟ ಮೆಚ್ಚತಕ್ಕದ್ದು.

ಇಲ್ಲಿಯೂ ಕಡಲಿದೆ, ಅದರ ಚೆಲುವೇನೂ ಕಡಿಮೆಯಲ್ಲ. ರಾತ್ರಿಯ ಕತ್ತಲಲ್ಲಿ ದೀಪ ಹೊತ್ತ ದೋಣಿಗಳು ಸಾಲಾಗಿ ನೀರಿಗಿಳಿಯುವ ನೋಟ ಮರೆಯತಕ್ಕದ್ದಲ್ಲ. ಆದರೆ ದೋಣಿಗಳು ಬೆಳಗ್ಗೆ ಮರಳಿ ಬಂದಾಗ ದಡದಲ್ಲಿ ಸಗಟು ವ್ಯಾಪಾರಿಗಳು ತಕ್ಕಡಿ ಹಿಡಿದು ನಿಂತಿರುತ್ತಾರೆ. ಫ್ಲಾಹರ್ಟಿಯ ಚಿತ್ರದಲ್ಲಿ ಎಲ್ಲಿ ಹುಡುಕಿದರೂ ಕಾಣದ ಉಪಕರಣ ಅದು. ಇಡೀ ರಾತ್ರಿ ದುಡಿದ ಮೀನಿಗೆ ಅವರು ಹೇಳಿದ್ದೇ ಬೆಲೆ. ನ್ತೋನಿಯೆಂಬ ತರುಣನು ಸಹಿಸಲಾರದೆ ಒಂದು ದಿನ ಆ ತಕ್ಕಡಿಗಳನ್ನು ಎತ್ತಿ ಕಡಲಿಗೆ ಎಸೆದುಬಿಡುತ್ತಾನೆ. ಸೆರೆಮನೆಯಾಗುತ್ತದೆ. ಬಿಡಿಸುವವರೂ ಆ ವ್ಯಾಪಾರಿಗಳೇ. ಮೀನು ಹಿಡಿಯುವವರು ಸೆರೆಯಲ್ಲಿದ್ದರೆ ಅವರ ವ್ಯಾಪಾರ ನಡೆಯಬೇಕಲ್ಲ! ಹೊರಬಂದವನು ಮನೆಯನ್ನು ಒತ್ತೆಯಿಟ್ಟು ಸ್ವಂತಕ್ಕೆ ದುಡಿಯತೊಡಗುತ್ತಾನೆ; ಮನೆಮಂದಿಯೆಲ್ಲ ಕೂಡಿ ಪೀಪಾಯಿಗಳಲ್ಲಿ ಮೀನಿಗೆ ಉಪ್ಪು ಹಾಕುವ ಸಂಭ್ರಮವಿದೆ. ಆಮೇಲೆ ಬಿರುಗಾಳಿ ಬರುತ್ತದೆ, ದೋಣಿ ನುಚ್ಚುನೂರಾಗುತ್ತದೆ.

ಇಲ್ಲಿಗೆ ಸಂಗ್ರಾಮವಾದಿಗಳು ಚಪ್ಪಾಳೆ ತಟ್ಟಿ, ಕೊನೆಗೆ ಕೆಡಿಸಿದ್ದು ಕಡಲೇ ಅಲ್ಲವೆ, ಎಂದಾರು. ಬಿರುಗಾಳಿ ಕಡಲಿನದೇ, ಸಂದೇಹವಿಲ್ಲ. ಆದರೆ ಮುಗಿಲು ಕಪ್ಪಿಟ್ಟ ಆ ದಿನ ನ್ತೋನಿಯು ದೋಣಿಯನ್ನು ನೀರಿಗೆ ಇಳಿಸಿದ್ದೇಕೆ? ಕಡಲಿನ ಗುಣವನ್ನು ಅವನು ಅರಿಯನೆ? ಹಳ್ಳಿಯ ಕೂಸಿಗೂ ಗೊತ್ತಿದ್ದ ಮಾತು ಅದು. ಒತ್ತೆಯ ಹಣ ತೀರಿಸಬೇಕಾಗಿತ್ತು, ಉಪ್ಪು ಕೊಳ್ಳಬೇಕಾಗಿತ್ತು. ಒಂದು ದಿನ ದಡದಲ್ಲಿ ಕುಳಿತರೆ ಒಂದು ದಿನದ ಗಳಿಕೆ ಹೋಯಿತು. ಗಾಳಿಯನ್ನು ಎಬ್ಬಿಸಿದ್ದು ಪ್ರಕೃತಿ. ಗಾಳಿಯೊಳಕ್ಕೆ ಅವನನ್ನು ಕಳಿಸಿದ್ದು ಸಾಲ. ಇವೆರಡನ್ನೂ ಬೇರ್ಪಡಿಸಿ ತೋರಿಸಿದ್ದೇ ವಿಸ್ಕೋಂತಿಯ ಹಿರಿಮೆ. ಸಾಲವನ್ನು ಮುಚ್ಚಿಟ್ಟು ಗಾಳಿಯನ್ನು ಮಾತ್ರ ತೋರಿಸುವುದು, ವಿಷವಿಕ್ಕಿದವನನ್ನು ಬಿಟ್ಟು ಹಾಲಿನ ಬಟ್ಟಲನ್ನು ದಂಡಿಸಿದಂತೆ.

ವಿಸ್ಕೋಂತಿಯೂ ನಿರ್ದೋಷಿಯಲ್ಲ. ಅವನು ಮಿಲಾನಿನ ಸಿರಿವಂತ ಕುಲೀನ ಮನೆತನದವನು. ಚಿತ್ರಕ್ಕೆ ಮೊದಲು ಹಣ ಕೊಟ್ಟುದು ಇಟಲಿಯ ಕಮ್ಯೂನಿಸ್ಟ್ ಪಕ್ಷ. ಆ ಪಕ್ಷದ ಉಪದೇಶ ಹಿನ್ನೆಲೆಯ ವಿವರಣೆಯಲ್ಲಿ ಅಲ್ಲಲ್ಲಿ ಕಿವಿಗೆ ಕರ್ಕಶವಾಗಿ ಕೇಳಿಸುತ್ತದೆ. ಹರಕು ಅಂಗಿಯವರು ಕೂಡ ಚಿತ್ರಪಟಕ್ಕೆ ನಿಂತವರಂತೆ ತೀರ ಅಂದವಾಗಿ ನಿಲ್ಲುತ್ತಾರೆ. ಎರಡೂವರೆ ಗಂಟೆಗೂ ಮೀರಿದ ಚಿತ್ರವನ್ನು ನೋಡಲು ಜನರು ಬರಲಿಲ್ಲ. ಕತ್ತರಿಸಿ, ಇಟಾಲಿಯನ್ ಮಾತು ಹಾಕಿ ಮತ್ತೆ ಬಿಡುಗಡೆ ಮಾಡಬೇಕಾಯಿತು. ಅಲೆಯ ಚಿತ್ರಕ್ಕೆ ಪಾರಿತೋಷಕವೂ ಜನವೂ, ತಕ್ಕಡಿಯ ಚಿತ್ರಕ್ಕೆ ಪಾರಿತೋಷಕ ಮಾತ್ರ. ನೋಡುವವರಿಗೆ ಕಡಲಿನ ಕೋಪ ಎಷ್ಟು ಹಿತವೋ ವ್ಯಾಪಾರಿಯ ಲೆಕ್ಕ ಅಷ್ಟೇ ಅಹಿತ. ಊಟದ ಎಲೆಯ ಮೇಲಿನ ಮೀನಿಗೆ ತಾವೇನು ಬೆಲೆ ಕೊಟ್ಟೆವೆಂಬುದನ್ನು ಆ ಲೆಕ್ಕ ನೆನಪಿಗೆ ತರುವುದಷ್ಟೆ.

ಚಿತ್ರದ ಕೊನೆಯ ಭಾಗ ಹೀಗಿದೆ. ಮನೆ ಕಳೆದುಕೊಂಡ ನ್ತೋನಿ, ಚಿಂದಿಯಾದ ಅಂಗಿ ತೊಟ್ಟು, ತಮ್ಮಂದಿರನ್ನು ಜೊತೆಗೆ ಕರೆದುಕೊಂಡು, ಅದೇ ವ್ಯಾಪಾರಿಗಳ ಕಚೇರಿಗೆ ಕೂಲಿ ಕೇಳಲು ಹೋಗುತ್ತಾನೆ. ಅವರು ಅವನ ಮುಖ ನೋಡಿ ನಗುತ್ತಾರೆ, ಹಂಗಿಸುತ್ತಾರೆ, ಹೆಸರು ಬರೆದುಕೊಳ್ಳುತ್ತಾರೆ. ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ಹಳೆಯ ಸುಣ್ಣದಡಿಯಿಂದ ಅರ್ಧ ಅಳಿಸಿದ ಅಕ್ಷರಗಳು ಕಾಣುತ್ತವೆ: ಜನರ ಬಳಿಗೆ ಹೋಗಬೇಕೆಂಬ ಅರ್ಥದ ಘೋಷಣೆ, ಅದರ ಕೆಳಗೆ ಮುಸೊಲಿನಿಯ ಹೆಸರು. ಅಲ್ಲಿಂದ ಹೊರಟು ಅವನು ಮತ್ತೆ ಅವರ ದೋಣಿಯಲ್ಲಿ ಕುಳಿತು ಹುಟ್ಟು ಹಾಕುತ್ತಾನೆ. ಕಡಲು ಆಗ ಶಾಂತವಾಗಿದೆ.